ಗಿಲಗಂಚಿ–ಅರಟಾಳ ಹೈಸ್ಕೂಲು: ಗಡಿನಾಡಿನ ಒಂದು ಶಾಲೆಯ ಚರಿತ್ರೆ

ಅರಸರ ಚರಿತ್ರೆಯನ್ನು ನಾವು ವರ್ಷವರ್ಷವೂ ಮಕ್ಕಳಿಗೆ ಕಲಿಸುತ್ತೇವೆ. ಯಾವ ಕಾಳಗ ಎಲ್ಲಿ ನಡೆಯಿತು, ಯಾರಿಗೆ ಯಾವಾಗ ಪಟ್ಟವಾಯಿತು ಎಂಬುದನ್ನು ಬಾಯಿಪಾಠ ಮಾಡಿಸುತ್ತೇವೆ. ಆದರೆ ಮಗು ಕುಳಿತು ಓದುವ ಶಾಲೆಗೂ ಒಂದು ಚರಿತ್ರೆ ಉಂಟೆಂಬ ಮಾತು ನಮ್ಮ ಪಾಠಗಳಲ್ಲಿ ಬರುವುದು ಅಪರೂಪ. ಶಾಲೆ ಮಳೆಯಂತೆ ತಾನಾಗಿ ಬಂದುದೆಂದೇ ಮಕ್ಕಳು ತಿಳಿಯುತ್ತಾರೆ. ಹಾಗಲ್ಲ, ಒಂದೊಂದು ಶಾಲೆಯ ಹಿಂದೆಯೂ ಯಾರೋ ಕೊಟ್ಟ ಹಣ, ಯಾರೋ ಬಿಟ್ಟ ಸುಖ, ಯಾರೋ ಸವೆಸಿದ ಆಯುಷ್ಯ ಇದೆ. ಇದನ್ನು ತಿಳಿಸುವುದಕ್ಕಾಗಿ ನಮಗೆ ಹತ್ತಿರದ ಒಂದು ಹೈಸ್ಕೂಲಿನ ಕಥೆಯನ್ನು ವಾಚಕರ ಮುಂದಿಡಲು ಬಯಸಿದ್ದೇವೆ. ಅದು ಬೆಳಗಾವಿಯ ಗಿಲಗಂಚಿ–ಅರಟಾಳ ಹೈಸ್ಕೂಲು. ಜನರ ಬಾಯಲ್ಲಿ ಜಿ. ಎ. ಹೈಸ್ಕೂಲು.

ಚಂದಗಡದಲ್ಲಿ ಕುಳಿತು ಬೆಳಗಾವಿಯ ಶಾಲೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಇಂದಿನ ನಕಾಶೆಯನ್ನು ನೋಡಿದರೆ ಚಂದಗಡವು ಕೊಲ್ಹಾಪುರ ಜಿಲ್ಲೆಯ ತಾಲೂಕು, ಮಹಾರಾಷ್ಟ್ರ ರಾಜ್ಯದ ತುದಿ. ಆದರೆ 1956ರ ಅಕ್ಟೋಬರ ಕೊನೆಯವರೆಗೆ ಈ ತಾಲೂಕು ಬೆಳಗಾವಿ ಜಿಲ್ಲೆಗೇ ಸೇರಿತ್ತು. ಆ ವರ್ಷದ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಚಂದಗಡ ತಾಲೂಕೊಂದನ್ನು ಮಾತ್ರ ಬಿಡಿಸಿ ಮುಂಬಯಿ ರಾಜ್ಯದಲ್ಲಿಯೇ ಉಳಿಸಿ ಕೊಲ್ಹಾಪುರಕ್ಕೆ ಕೂಡಿಸಿದರು. ಕಾಗದದ ಮೇಲೆ ಗೆರೆ ಬದಲಾಯಿತು, ದಾರಿಗಳು ಬದಲಾಗಲಿಲ್ಲ. ಸಂತೆಗೆ, ದವಾಖಾನೆಗೆ, ಹೆಚ್ಚಿನ ವಿದ್ಯೆಗೆ ಈ ಭಾಗದವರಿಗೆ ಬೆಳಗಾವಿಯೇ ಸಮೀಪ. ಕೊಲ್ಹಾಪುರ ಅದರ ಎರಡು ಪಟ್ಟಿಗೂ ಮಿಕ್ಕಿ ದೂರ. ಆದುದರಿಂದ ಬೆಳಗಾವಿಯ ಹೈಸ್ಕೂಲಿನ ಚರಿತ್ರೆ ನಮ್ಮ ಚರಿತ್ರೆಯ ಒಂದು ಭಾಗವೇ ಸರಿ.

ಇನ್ನೊಂದು ಕಾರಣವೂ ಉಂಟು. ನಾವು ಪ್ರಾಥಮಿಕ ಶಾಲೆಯ ಶಿಕ್ಷಕರು. ಕಲಿಸಿದ ಮಗು ನಮ್ಮ ಕೈಬಿಟ್ಟು ಹೋಗುವ ದಿನ ಅದು ಎಲ್ಲಿಗೆ ಹೋಗುತ್ತದೆಂಬ ಚಿಂತೆ ನಮ್ಮದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಶಿಕ್ಷಣ ದೊರೆಯುವಂತೆ ತಕ್ಕ ಅನುಕೂಲ ಒದಗಿಸಬೇಕೆಂದು ನಮ್ಮ ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ಈ ವಿಧಿಯಲ್ಲಿ ‘ಪ್ರಾಥಮಿಕ ಹಂತದಲ್ಲಿ’ ಎಂಬ ಮಾತಿದೆ. ಅದರ ಮುಂದಿನ ಹಂತದ ಮಾತು ಅಲ್ಲಿಲ್ಲ. ಕಾಯಿದೆ ಕೈಹಿಡಿದು ನಡೆಸುವುದು ಮೊದಲ ಕೆಲವು ಮೆಟ್ಟಿಲುಗಳವರೆಗೆ. ಮೇಲಿನ ಮೆಟ್ಟಿಲುಗಳನ್ನು ಹೆಚ್ಚಾಗಿ ಜನರೇ ಕಟ್ಟಿಕೊಂಡಿದ್ದಾರೆ. ಹೇಗೆ ಕಟ್ಟಿದರೆಂಬುದಕ್ಕೆ ಈ ಶಾಲೆ ಒಳ್ಳೆಯ ಉದಾಹರಣೆ.

ಮೊದಲು ಕಾಲದ ಸ್ಥಿತಿಯನ್ನು ತಿಳಿಯೋಣ. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡ, ಬೆಳಗಾವಿಯ ಸೀಮೆಗಳು ಇಂಗ್ಲಿಷರ ಕೈಗೆ ಬಂದವು. ಕಚೇರಿಯ ಬರಹ ಮರಾಠಿಯಲ್ಲಿ ನಡೆಯುತ್ತಿದ್ದುದು ಹಾಗೆಯೇ ಮುಂದುವರಿಯಿತು. ಶಾಲೆಗಳೂ ಅದೇ ಹಾದಿ ಹಿಡಿದವು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಮೋಡಿ ಅಕ್ಷರ ತಿದ್ದುವುದು ಅಂದು ಸಾಮಾನ್ಯ ಸಂಗತಿ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ ಎಲಿಯಟ ಸಾಹೇಬರು ಸ್ವಂತ ಖರ್ಚಿನಿಂದ ಕನ್ನಡ ಶಾಲೆ ತೆರೆಸಿದ್ದು ಆ ಕಾಲಕ್ಕೆ ವಿಶೇಷವೆನಿಸಿತು.

1854ರಲ್ಲಿ ವುಡ್ ಸಾಹೇಬರ ಖಲೀತೆ ಬಂದಿತು. 1855ರಲ್ಲಿ ಮುಂಬಯಿ ಇಲಾಖೆಗೆ ಪ್ರತ್ಯೇಕ ವಿದ್ಯಾಖಾತೆ ಏರ್ಪಟ್ಟಿತು. ಆ ಖಾತೆಯಲ್ಲಿ ಡೆಪ್ಯುಟಿ ಇನ್ಸ್‌ಪೆಕ್ಟರರಾಗಿ ಕೆಲಸ ಮಾಡಿದ ಚನ್ನಬಸಪ್ಪನವರ ಹೆಸರನ್ನು ಉತ್ತರ ಕರ್ನಾಟಕದ ಯಾವ ಶಿಕ್ಷಕನೂ ಮರೆಯುವಂತಿಲ್ಲ. ರಸೆಲ್ ಎಂಬ ಮೇಲಧಿಕಾರಿಯ ಬೆಂಬಲ ಪಡೆದು ಅವರು ಕನ್ನಡ ಪ್ರದೇಶಕ್ಕೆ ಕನ್ನಡ ಶಾಲೆಗಳೇ ಬೇಕೆಂದು ಹಟ ಹಿಡಿದರು. ಊರೂರಿಗೆ ಹೋಗಿ ಶಾಲೆ ತೆರೆಸಿದರು. ಶಾಲೆ ತೆರೆದರೆ ಸಾಲದು, ಕಲಿಸುವವರು ಬೇಕು. ಕಲಿಸುವವರಿಗೆ ಓದುವ ಸಾಮಗ್ರಿ ಬೇಕು. ಧಾರವಾಡದ ನಾರ್ಮಲ್ ಶಾಲೆಯೂ, 1865ರಲ್ಲಿ ಹೊರಟ ‘ಮಠಪತ್ರಿಕೆ’ಯೂ ಈ ಕೊರತೆಯನ್ನು ನೀಗಿಸಲು ಹುಟ್ಟಿದವು. ಶಾಲೆಗೆ ಆಗ ಜನ ‘ಮಠ’ವೆನ್ನುತ್ತಿದ್ದರು, ಆದುದರಿಂದ ಶಿಕ್ಷಕರ ಪತ್ರಿಕೆಗೆ ಆ ಹೆಸರು. ಚನ್ನಬಸಪ್ಪನವರು ತೀರಿಕೊಂಡುದು 1881ರಲ್ಲಿ. ಅಷ್ಟರಲ್ಲಿ ಕನ್ನಡದ ಪ್ರಾಥಮಿಕ ಶಾಲೆ ಬೆಳಗಾವಿ, ಧಾರವಾಡ, ಕಲಾದಗಿಯ ಸೀಮೆಗಳಲ್ಲಿ ಬೇರೂರಿತ್ತು.

ಆದರೆ ಅದರ ಮೇಲಿನ ಮೆಟ್ಟಿಲು? ಅಂದಿನ ಕ್ರಮವನ್ನು ಇಂದಿನ ವಿದ್ಯಾರ್ಥಿಗಳಿಗೆ ವಿವರಿಸುವುದು ಅವಶ್ಯ. ಕನ್ನಡ ಶಾಲೆಯಲ್ಲಿ ಓದುತ್ತ ಹೋದವನು ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದನು. ಮುಲ್ಕಿ ಪಾಸಾದರೆ ತಲಾಟಿಯೋ ಶಾಲಾಮಾಸ್ತರನೋ ಆಗಬಹುದಿತ್ತು; ಅಲ್ಲಿಗೆ ದಾರಿ ಮುಗಿಯುತ್ತಿತ್ತು. ಮುಂದೆ ಓದಬೇಕೆನ್ನುವವನು ಕನ್ನಡ ನಾಲ್ಕನೆಯ ಇಯತ್ತೆಯಾದೊಡನೆ ಬದಿಯ ದಾರಿ ಹಿಡಿದು ಎ. ವ್ಹಿ. ಶಾಲೆಯನ್ನು, ಅಂದರೆ ಇಂಗ್ಲಿಷನ್ನೂ ದೇಶಭಾಷೆಯನ್ನೂ ಕೂಡಿಸಿ ಕಲಿಸುವ ಶಾಲೆಯನ್ನು ಸೇರಬೇಕು. ಅಲ್ಲಿ ಇಂಗ್ಲಿಷ್ ಒಂದನೆಯ ಇಯತ್ತೆಯಿಂದ ಏಳನೆಯದರವರೆಗೆ ಏರಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಕೂಡಬೇಕು. ನಾಲ್ಕು ಕನ್ನಡದವು, ಏಳು ಇಂಗ್ಲಿಷಿನವು, ಒಟ್ಟು ಹನ್ನೊಂದು ವರ್ಷ. ಹತ್ತು ಹನ್ನೊಂದರ ವಯಸ್ಸಿನ ಹುಡುಗನು ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗದ ಹೊರತು ಈ ದಾರಿ ತೆರೆಯುತ್ತಿರಲಿಲ್ಲ. ಪಟ್ಟಣದ ಎ. ವ್ಹಿ. ಶಾಲೆಯಲ್ಲಿಯೂ ಇಂಗ್ಲಿಷಿನ ಪಾಠಕ್ಕೆ ಮರಾಠಿಯಲ್ಲಿ ಅರ್ಥ ಹೇಳುವ ಸಂಭವವೇ ಹೆಚ್ಚು. ಬೆಳಗಾವಿಯ ವಿದ್ಯೆಯ ವಾತಾವರಣ ಅಂದು ಬಹುಮಟ್ಟಿಗೆ ಮರಾಠಿಯದಾಗಿತ್ತು. ಕನ್ನಡ ಹಳ್ಳಿಯ ಮಗು ಅರಿಯದ ಒಂದು ಭಾಷೆಯನ್ನು ಅರೆಬರೆ ತಿಳಿದ ಇನ್ನೊಂದು ಭಾಷೆಯ ಮುಖಾಂತರ ಕಲಿಯಬೇಕಾಗುತ್ತಿತ್ತು.

ಸರಕಾರವೇ ಬೇಕಾದಷ್ಟು ಹೈಸ್ಕೂಲುಗಳನ್ನು ತೆರೆಯಬಾರದಿತ್ತೇ? ಸರಕಾರದ ಧೋರಣೆ ಬೇರೆಯಾಗಿತ್ತು. 1882ರಲ್ಲಿ ನೇಮಕವಾದ ಹಂಟರ ಆಯೋಗವು ಪ್ರಾಥಮಿಕ ಶಿಕ್ಷಣದ ಕಡೆಗೆ ಸರಕಾರ ಹೆಚ್ಚು ಲಕ್ಷ್ಯ ಕೊಡಬೇಕೆಂದೂ, ಮಾಧ್ಯಮಿಕ ಶಿಕ್ಷಣವನ್ನು ಆದಷ್ಟು ಖಾಸಗಿ ಪ್ರಯತ್ನಕ್ಕೆ ಬಿಟ್ಟು ಗ್ರ್ಯಾಂಟಿನ ರೂಪದಲ್ಲಿ ನೆರವು ಕೊಡಬೇಕೆಂದೂ ಸಲಹೆಯಿತ್ತಿತು. ಇದರ ಪರಿಣಾಮವನ್ನು ಗಮನಿಸಬೇಕು. ಯಾವ ಸಮಾಜದಲ್ಲಿ ಓದಿದವರೂ ಉಳ್ಳವರೂ ಮೊದಲೇ ಇದ್ದರೋ ಆ ಸಮಾಜ ಬೇಗ ಹೈಸ್ಕೂಲು ಕಟ್ಟಿಕೊಂಡಿತು. ಇಲ್ಲದವರು ಹಿಂದುಳಿದರು. ಗ್ರ್ಯಾಂಟು ಬೇಕಾದರೆ ಶಾಲೆ ಮೊದಲು ನಡೆದಿರಬೇಕು. ಶಾಲೆ ನಡೆಯಬೇಕಾದರೆ ಮೊದಲು ಯಾರಾದರೂ ಕೈಯಿಂದ ಹಣ ಹಾಕಬೇಕು.

ಈ ತೊಡಕನ್ನು ಬಿಡಿಸಲು ಕನ್ನಡ ನಾಡಿನಲ್ಲಿ ನಡೆದ ಮೊದಲ ದೊಡ್ಡ ಪ್ರಯತ್ನಗಳಲ್ಲಿ 1883ರ ಧಾರವಾಡದ ಪ್ರಯತ್ನ ಒಂದು. ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿದರು. ಒಕ್ಕಲುತನ, ವ್ಯಾಪಾರಗಳಲ್ಲಿ ತೊಡಗಿ ಇಂಗ್ಲಿಷ್ ವಿದ್ಯೆಯಿಂದ ದೂರ ಉಳಿದಿದ್ದ ತಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಡುವುದು ಅದರ ಮುಖ್ಯ ಉದ್ದೇಶ. ಶಾಲೆ ಕಟ್ಟುವುದಕ್ಕೆ ಮುಂಚೆ ಅವರು ಓದುವ ಹುಡುಗರನ್ನು ಬೆಳೆಸಿದರು. ಇದು ದೂರದೃಷ್ಟಿಯ ಕೆಲಸ. ಅಂದಿನ ಶಿಷ್ಯವೇತನದ ಬೀಜವೇ ಮೂವತ್ತು ಚಿಲ್ಲರೆ ವರ್ಷಗಳ ನಂತರ ಶಾಲೆಯಾಗಿ ಮೊಳೆಯಿತೆಂದು ನಾವು ತಿಳಿಯುತ್ತೇವೆ. 1890ರಲ್ಲಿ ರಾ. ಹ. ದೇಶಪಾಂಡೆಯವರು ಮುಂದಾಗಿ ಧಾರವಾಡದಲ್ಲಿಯೇ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಭಾಷೆಯ ಕೆಲಸಕ್ಕೆ ಅದು ನೆಲೆಯಾಯಿತು.

ದಾನಿಗಳಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯಿಯವರನ್ನು ನೆನೆಯದಿದ್ದರೆ ಈ ಚರಿತ್ರೆ ಅಪೂರ್ಣ. 1861ರಲ್ಲಿ ಶಿಗ್ಲಿಯ ಒಂದು ಮನೆಯಲ್ಲಿ ಹುಟ್ಟಿ, ಸಿರಸಂಗಿ–ನವಲಗುಂದ ದೇಸಗತಿಗೆ ದತ್ತಕರಾಗಿ ಬಂದ ಅವರು 1906ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ತಮ್ಮ ಆಸ್ತಿಯೆಲ್ಲ ಬಡ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ವಿನಿಯೋಗವಾಗಬೇಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ವ್ಯಾಜ್ಯಗಳು ಬಹುಕಾಲ ನಡೆದು ಕಡೆಗೆ ಆ ಆಸ್ತಿ ವಿದ್ಯೆಗೇ ಮೀಸಲಾಯಿತು. ದತ್ತು ಪಡೆದು ವಂಶ ಬೆಳೆಸಲು ಕರೆತಂದ ಮನೆತನದಲ್ಲಿ ಅವರು ಇನ್ನೊಬ್ಬನನ್ನು ದತ್ತು ತೆಗೆದುಕೊಳ್ಳದೆ ನಾಡಿನ ಓದುವ ಮಕ್ಕಳನ್ನೇ ವಾರಸುದಾರರನ್ನಾಗಿ ಮಾಡಿದರು.

ಹಣ ಕೊಡುವವರು ಇದ್ದಂತಾಯಿತು. ದುಡಿಯುವವರು ಎಲ್ಲಿಂದ ಬಂದರು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಪುಣೆಗೆ ಹೋಗಬೇಕು. 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು, ತಿಲಕರು ಮೊದಲಾದವರು ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಅನತಿಕಾಲದಲ್ಲಿಯೇ ಆಗರಕರರು ಅವರನ್ನು ಕೂಡಿಕೊಂಡರು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿದವು. ಆ ಸಂಸ್ಥೆಯ ಜೀವಾಳವೆಂದರೆ ಆಜೀವ ಸದಸ್ಯರ ಪದ್ಧತಿ. ಸರಕಾರದ ದೊಡ್ಡ ನೌಕರಿ ಸಿಗಬಹುದಾದ ಪದವೀಧರರು ಅದನ್ನು ಬಿಟ್ಟು, ಸಣ್ಣ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುವೆವೆಂದು ಮಾತು ಕೊಡುತ್ತಿದ್ದರು. ಗೋಪಾಳ ಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಯ ಮೇಲೆ ಹೀಗೆ ದುಡಿದು 1902ರಲ್ಲಿ ಬಿಡುಗಡೆ ಪಡೆದರು. ಶಾಲೆಯ ಒಡೆಯನೂ ಆಳೂ ಶಿಕ್ಷಕನೇ. ಸದಸ್ಯರಲ್ಲಿ ಭಿನ್ನಾಭಿಪ್ರಾಯಗಳು ಬರಲಿಲ್ಲವೆಂದಲ್ಲ. 1890ರಲ್ಲಿ ತಿಲಕರೇ ಸಂಸ್ಥೆ ಬಿಟ್ಟರು. ಆದರೆ ಪದ್ಧತಿ ನಿಂತಿತು.

ಮುಂಬಯಿ ಕರ್ನಾಟಕದಲ್ಲಿ ಆಗ ಒಂದೂ ಕಾಲೇಜಿರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಅಲ್ಲಿಯವರೆಗೆ ಪದವಿ ಬೇಕೆಂಬ ಕನ್ನಡ ತರುಣನು ಪುಣೆ, ಮುಂಬಯಿ ಅಥವಾ ಕೊಲ್ಹಾಪುರಕ್ಕೆ ಹೋಗುವುದು ಅನಿವಾರ್ಯವಾಗಿತ್ತು. ಹೋದವರು ಪಠ್ಯದ ಜೊತೆಗೆ ಅಲ್ಲಿಯ ಸಂಸ್ಥೆಗಳ ನಡೆವಳಿಕೆಯನ್ನೂ ಕಣ್ಣಾರೆ ಕಂಡರು. ನಮ್ಮ ನಾಡಿನಲ್ಲಿಯೂ ಇಂಥದೊಂದು ಏಕೆ ಆಗಬಾರದೆಂಬ ಯೋಚನೆ ಹಲವರಲ್ಲಿ ಹುಟ್ಟಿತು.

ಆ ಯೋಚನೆಯ ಫಲವೇ 1916ರ ನವೆಂಬರ 13. ಅಂದು ಬೆಳಗಾವಿಯಲ್ಲಿ ಒಂದು ಎ. ವ್ಹಿ. ಶಾಲೆ ತೆರೆಯಿತು, ಅದರೊಡನೆ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿ, ಅಂದರೆ ಕೆ. ಎಲ್. ಇ. ಸಂಸ್ಥೆ ಹುಟ್ಟಿತು. ಕಾರಣಕರ್ತರು ಏಳು ಜನ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಎಚ್. ಎಫ್. ಕಟ್ಟಿಮನಿ ಮೊದಲಾದ ಇವರನ್ನು ಜನ ಪ್ರೀತಿಯಿಂದ ‘ಸಪ್ತರ್ಷಿಗಳು’ ಎಂದು ಕರೆದರು. ಬಸವನಾಳರಿಗೆ ಆಗ ಇಪ್ಪತ್ಮೂರರ ಆಸುಪಾಸಿನ ವಯಸ್ಸು. ಪುಣೆಯ ಮೇಲ್ಪಂಕ್ತಿಯಂತೆ ಆಜೀವ ಸದಸ್ಯತ್ವದ ಪದ್ಧತಿಯನ್ನೇ ಇಲ್ಲಿಯೂ ಹಾಕಿಕೊಟ್ಟರು. ಆ ಪದ್ಧತಿಯ ಆಜೀವ ಸದಸ್ಯ ಮಂಡಳಿಯು ಸಂಸ್ಥೆಯಲ್ಲಿ ಇಂದಿಗೂ ಇದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮರಾಠಿಯ ಪ್ರಾಬಲ್ಯವಿದ್ದ ಊರಿನಲ್ಲಿ ಕನ್ನಡದ ಮಗುವಿಗೆ ನಿಲ್ಲಲು ಜಾಗ ಮಾಡಿಕೊಡಬೇಕೆಂದು ಹುಟ್ಟಿದ ಶಾಲೆ ಇದು. ಆದರೆ ಅದನ್ನು ಕಟ್ಟುವ ವಿದ್ಯೆಯನ್ನು ಕಲಿತದ್ದು ಮರಾಠಿ ಶಿಕ್ಷಕರಿಂದ. ಸ್ಥಾಪಕರು ಅದರಲ್ಲಿ ಯಾವ ಅವಮಾನವನ್ನೂ ಕಾಣಲಿಲ್ಲ. ನೆರೆಯವನ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದಿದ್ದರೆ ಅವನೊಡನೆ ಜಗಳವಾಡದೆ ಅವನ ಬಿತ್ತಿಗೆಯ ಕ್ರಮವನ್ನು ನೋಡಿಕೊಂಡು ಬರುವವನೇ ಜಾಣ ಒಕ್ಕಲಿಗ. ಗಡಿಯ ಮಾತು ಬಂದಾಗಲೆಲ್ಲ ಕಾವೇರುವ ನಮ್ಮ ಎರಡೂ ಭಾಷೆಯ ಜನ ಈ ಸಂಗತಿಯನ್ನು ನೆನಪಿಡುವುದು ಮೇಲು.

ಶಾಲೆ ಮುಂದೆ ಹೈಸ್ಕೂಲಾಗಿ ಬೆಳೆಯಿತು. ಶಿಷ್ಯವೇತನದ ಹಾದಿ ತೋರಿದ ಇಬ್ಬರು ಹಿರಿಯರ ನೆನಪಿಗಾಗಿ ಅದಕ್ಕೆ ಗಿಲಗಂಚಿ–ಅರಟಾಳ ಹೈಸ್ಕೂಲೆಂದು ಹೆಸರಾಯಿತು. ಕಟ್ಟಿದವರು ತಮ್ಮ ಹೆಸರನ್ನು ಬಾಗಿಲ ಮೇಲೆ ಬರೆಯಿಸಿಕೊಳ್ಳದೆ ತಮಗಿಂತ ಹಿಂದಿನವರ ಹೆಸರನ್ನು ಇಟ್ಟರೆಂಬುದನ್ನು ನಮ್ಮ ಮಕ್ಕಳು ಗಮನಿಸಲಿ. ಇಂಥ ಶಾಲೆಗೆ ಆದಾಯದ ಮೂಲಗಳು ಮೂರು: ವಿದ್ಯಾರ್ಥಿಗಳ ಫೀ, ಸರಕಾರದ ಗ್ರ್ಯಾಂಟು, ದಾನಿಗಳ ದೇಣಿಗೆ. ಫೀ ಹೆಚ್ಚಿಸಿದರೆ ಬಡವರು ಬರರು. ಗ್ರ್ಯಾಂಟು ಖರ್ಚಿನ ಒಂದು ಪಾಲಿಗೆ ಮಾತ್ರ ಸಾಕಾಗುವುದು. ದೇಣಿಗೆ ಬರುವುದು ಮಳೆಬೆಳೆಯ ಮೇಲೆ. ಈ ಮೂರರ ನಡುವಿನ ಕೊರತೆಯನ್ನು ಶಿಕ್ಷಕರು ಕಡಿಮೆ ಸಂಬಳ ತೆಗೆದುಕೊಂಡು ತುಂಬುವುದು. ಖಾಸಗಿ ಹೈಸ್ಕೂಲುಗಳ ಚರಿತ್ರೆಯಲ್ಲಿ ಯಾವ ಜಮಾಖರ್ಚಿನಲ್ಲಿಯೂ ಬರೆಯದ ದೇಣಿಗೆಯೆಂದರೆ ಇದೇ.

ಕನ್ನಡಕ್ಕೆ ಈ ಶಾಲೆಯಿಂದ ಆದ ಉಪಕಾರವನ್ನು ಅತಿಯಾಗಿಯೂ ಹೇಳಬಾರದು, ಕಡಿಮೆಯಾಗಿಯೂ ಹೇಳಬಾರದು. 1916ರ ಎ. ವ್ಹಿ. ಶಾಲೆ ಇಂದಿನ ಅರ್ಥದ ಕನ್ನಡ ಮಾಧ್ಯಮದ ಶಾಲೆಯಲ್ಲ. ಮೆಟ್ರಿಕ್ ಪರೀಕ್ಷೆ ವಿಶ್ವವಿದ್ಯಾಲಯದ್ದು. ಮೇಲಿನ ತರಗತಿಗಳಲ್ಲಿ ಇಂಗ್ಲಿಷಿನದೇ ದೊರೆತನ. ಆದರೆ ಆ ಇಂಗ್ಲಿಷಿಗೆ ಹೋಗುವ ದಾರಿ ಇಲ್ಲಿ ಕನ್ನಡದ ಮುಖಾಂತರ ಹಾಯುವಂತಾಯಿತು. ಮಗು ಸಂದೇಹ ಕೇಳಬೇಕಾದರೆ ತನ್ನ ಮನೆಯ ಮಾತಿನಲ್ಲಿ ಕೇಳಬಹುದಾಯಿತು. ಕನ್ನಡವನ್ನು ಪಂಡಿತರಿಂದ ಕ್ರಮವಾಗಿ ಕಲಿಯಬಹುದಾಯಿತು. ಪಾಠ ಹೇಳುವವರು ಸ್ವತಃ ಕನ್ನಡದ ಕೆಲಸದಲ್ಲಿ ತೊಡಗಿದವರು. ಬಸವನಾಳರು ವಚನಗಳನ್ನು ಸಂಪಾದಿಸಿದರು, ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದು 1940ರಲ್ಲಿ ಪ್ರಕಟಿಸಿದರು. 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಾಖರೆಯವರು ಲಿಂಗಾಯತ ಧರ್ಮದ ಚರಿತ್ರೆ ಮತ್ತು ತತ್ತ್ವಗಳನ್ನು ಕುರಿತು ದೊಡ್ಡ ಗ್ರಂಥವನ್ನು 1942ರಲ್ಲಿ ಹೊರತಂದರು. ಶಿಕ್ಷಕನು ತಾನೂ ಓದುತ್ತಿದ್ದರೆ ಮಾತ್ರ ಶಾಲೆ ಬೆಳಕು ಕೊಡುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಊರೂ ಬದಲಾಗುತ್ತಿತ್ತು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆಯಿತು. ಕನ್ನಡ ಸಾಹಿತ್ಯ ಸಮ್ಮೇಳನವು 1925ರಲ್ಲಿ ಬೆನಗಲ್ ರಾಮರಾಯರ, 1929ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ, 1939ರಲ್ಲಿ ಮುದವೀಡು ಕೃಷ್ಣರಾಯರ ಅಧ್ಯಕ್ಷತೆಯಲ್ಲಿ ಅದೇ ಊರಲ್ಲಿ ಕೂಡಿತು. ಹದಿನೈದು ವರ್ಷಗಳೊಳಗೆ ಮೂರು ಸಮ್ಮೇಳನಗಳಿಗೆ ಕೇಳುಗರು ಬೇಕು, ದುಡಿಯುವ ಸ್ವಯಂಸೇವಕರು ಬೇಕು, ಪುಸ್ತಕ ಕೊಳ್ಳುವವರು ಬೇಕು. ಕನ್ನಡ ಬಲ್ಲ ಹೈಸ್ಕೂಲು ಹುಡುಗರ ಒಂದು ಪೀಳಿಗೆ ಇಲ್ಲದೆ ಇವು ನಡೆಯುತ್ತಿದ್ದುವೆಂದು ನಮಗೆ ತೋರುವುದಿಲ್ಲ. 1933ರಲ್ಲಿ ಸಂಸ್ಥೆಯು ಸಿರಸಂಗಿಯ ದಾನಿಯ ಹೆಸರಿನ ಲಿಂಗರಾಜ ಕಾಲೇಜನ್ನು ಬೆಳಗಾವಿಯಲ್ಲಿ ತೆರೆಯಿತು. ಮೆಟ್ರಿಕ್ ಆದವನು ಇನ್ನು ಪುಣೆಯ ಹಾದಿ ಹಿಡಿಯಬೇಕಾಗಿರಲಿಲ್ಲ. ಒಂದು ಎ. ವ್ಹಿ. ಶಾಲೆಯಿಂದ ಮೊದಲಾದ ಸಂಸ್ಥೆ ಇಂದು ನೂರಾರು ಶಾಲೆ, ಕಾಲೇಜು, ಆಸ್ಪತ್ರೆಗಳಾಗಿ ಹಬ್ಬಿದೆ.

ಶಾಲೆ ಆಯಿತು, ಹಳ್ಳಿಯ ಹುಡುಗ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ಹೈಸ್ಕೂಲಿನ ಚರಿತ್ರೆಯೆಂದರೆ ಅರ್ಧ ಅನ್ನದ ಚರಿತ್ರೆಯೇ. ಇದನ್ನು ಮೊದಲೇ ಮನಗಂಡವರು ಕೊಲ್ಹಾಪುರದ ಶಾಹೂ ಮಹಾರಾಜರು. 1901ರಿಂದ ಅವರ ಆಶ್ರಯದಲ್ಲಿ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳು ತೆರೆದವು. ಅವುಗಳಲ್ಲಿ ಜೈನರದೂ ಲಿಂಗಾಯತರದೂ ಇದ್ದುದರಿಂದ ಗಡಹಿಂಗ್ಲಜದ ಕಡೆಯ ಕನ್ನಡ ಮನೆತನಗಳ ಹುಡುಗರಿಗೂ ಅನುಕೂಲವಾಯಿತು. 1917ರಲ್ಲಿ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದರು. ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ ಪಾಟೀಲರು 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿಯುತ್ತ ಕಲಿಯುವ ಮಾರ್ಗವನ್ನು ತೋರಿದರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದನಿಲಯ ನಡೆಸಿ ಹಳ್ಳಿಯ ಮಕ್ಕಳಿಗೆ ಎರಡು ಹೊತ್ತಿನ ಊಟಕ್ಕೆ ದಾರಿ ಮಾಡಿದರು. ಒಬ್ಬರು ಅರಸರು, ಒಬ್ಬರು ರೈತರ ನಡುವೆ ದುಡಿದವರು, ಒಬ್ಬರು ವಿರಕ್ತರು. ಮೂವರ ಹಾದಿ ಬೇರೆ, ಹೊರೆಯೊಂದೇ.

ಸ್ವಾತಂತ್ರ್ಯ ಬಂದ ಮೇಲೆ ಪರೀಕ್ಷೆಯ ಕ್ರಮ ಬದಲಾಯಿತು. ಮುಂಬಯಿ ಪ್ರಾಂತದಲ್ಲಿ ವಿಶ್ವವಿದ್ಯಾಲಯದ ಮೆಟ್ರಿಕ್ ಹೋಗಿ 1949ರಿಂದ ಎಸ್. ಎಸ್. ಸಿ. ಪರೀಕ್ಷೆ ಬಂದಿತು. ದೇಶಭಾಷೆಗಳು ಹೈಸ್ಕೂಲಿನ ಮಾಧ್ಯಮವಾಗಿ ನೆಲೆಗೊಂಡವು. ಅದೇ ವರ್ಷ ಮಾರ್ಚ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. ಹೀಗೆ ಏಳೆಂಟು ವರ್ಷಗಳ ಕಾಲ ಚಂದಗಡ, ಗಡಹಿಂಗ್ಲಜ, ಬೆಳಗಾವಿ, ಧಾರವಾಡದ ಮಕ್ಕಳೆಲ್ಲ ಒಂದೇ ಪರೀಕ್ಷೆಗೆ ಕುಳಿತರು. ಕನ್ನಡದ ಹುಡುಗನು ಎಲ್ಲಿ ಕನ್ನಡ ಹೈಸ್ಕೂಲಿದೆಯೋ ಅಲ್ಲಿಗೆ ಹೋಗಿ ಸೇರಿದರೆ ಯಾರೂ ಕಾಗದ ಕೇಳುತ್ತಿರಲಿಲ್ಲ.

1956ರ ಗೆರೆ ಈ ಅನುಕೂಲವನ್ನು ಕತ್ತರಿಸಿತು. ಗೆರೆಯ ಆಚೆಗೂ ಈಚೆಗೂ ಒಂದೇ ಕನ್ನಡ; ಆದರೆ ಪಠ್ಯಪುಸ್ತಕ ಬೇರೆ, ಪರೀಕ್ಷಾ ಮಂಡಳಿ ಬೇರೆ, ಶಿಷ್ಯವೇತನದ ನಿಯಮ ಬೇರೆ, ಶಿಕ್ಷಕರ ನೇಮಕದ ಅರ್ಹತೆ ಬೇರೆ. ಮಹಾರಾಷ್ಟ್ರ ಸರಕಾರವನ್ನು ಇದರಲ್ಲಿ ಬರಿದೆ ದೂರುವುದು ನ್ಯಾಯವಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ಯು ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಹಾಕುತ್ತ ಬಂದಿದೆ, ರಾಜ್ಯದ ಎಸ್. ಎಸ್. ಸಿ. ಪರೀಕ್ಷೆಯ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಪುಸ್ತಕವಿದೆ, ಪ್ರಶ್ನಪತ್ರಿಕೆಯಿದೆ. ಇವೆರಡರ ನಡುವೆ ಬೇಕಾದುದು ಸಮೀಪದಲ್ಲಿ ಒಂದು ಹೈಸ್ಕೂಲು, ಅದರಲ್ಲಿ ಕನ್ನಡದಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಹೇಳಬಲ್ಲ ಶಿಕ್ಷಕರು. ಕನ್ನಡ ಪ್ರಾಥಮಿಕ ಶಾಲೆಯಿಂದ ಹೊರಬಿದ್ದ ಮಗುವಿಗೆ ನಡೆದು ಹೋಗುವಷ್ಟು ದೂರದಲ್ಲಿ ಅಂಥ ಹೈಸ್ಕೂಲು ಇಲ್ಲದಿದ್ದರೆ ತಾಯಿತಂದೆಗಳು ಮೊದಲೇ ಲೆಕ್ಕ ಹಾಕುತ್ತಾರೆ. ಮುಂದೆ ಹೇಗೂ ಭಾಷೆ ಬದಲಿಸಬೇಕಲ್ಲ, ಒಂದನೆಯ ಇಯತ್ತೆಯಲ್ಲಿಯೇ ಬದಲಿಸೋಣ ಎನ್ನುತ್ತಾರೆ. ಅವರನ್ನು ನಾವು ತಪ್ಪುಗಾರರೆನ್ನಲಾರೆವು. ಮೇಲಿನ ಮೆಟ್ಟಿಲು ಮುರಿದಿದ್ದರೆ ಕೆಳಗಿನ ಮೆಟ್ಟಿಲ ಮೇಲೆ ಯಾರೂ ಕಾಲಿಡುವುದಿಲ್ಲ. ಕನ್ನಡ ಪ್ರಾಥಮಿಕ ಶಾಲೆಯ ಹಾಜರಿ ಕಡಿಮೆಯಾಗುವುದರ ಕಾರಣವನ್ನು ಪ್ರಾಥಮಿಕ ಶಾಲೆಯೊಳಗೇ ಹುಡುಕಿದರೆ ಸಿಗದು. ಅದು ಬಹುಪಾಲು ಹೈಸ್ಕೂಲಿನ ಅಭಾವದಲ್ಲಿದೆ. ಇದೇ ಈ ಲೇಖನದ ಮುಖ್ಯ ಮಾತು.

ಜಿ. ಎ. ಹೈಸ್ಕೂಲಿನ ಚರಿತ್ರೆಯಲ್ಲಿ ನಮಗೆ ಕೊರತೆಗಳು ಕಾಣುವುದಿಲ್ಲವೆಂದಲ್ಲ. ಅದು ಪಟ್ಟಣದಲ್ಲಿ ಹುಟ್ಟಿದ ಶಾಲೆ. ಮಳೆಗಾಲದಲ್ಲಿ ತಾಮ್ರಪರ್ಣಿ ತುಂಬಿ ಹರಿಯುವ ನಮ್ಮಂಥ ಸೀಮೆಯ ಹಳ್ಳಿಗೆ ಅದು ತಾನಾಗಿ ನಡೆದುಬರಲಿಲ್ಲ. ಇಲ್ಲಿಯವರೇ ಅಲ್ಲಿಗೆ ಹೋಗಬೇಕಾಯಿತು. ಹೋಗಲಾರದ ಹೆಣ್ಣುಮಕ್ಕಳು ಉಳಿದುಹೋದರು. ಸಂಸ್ಥೆಯ ಹೆಸರಿನಲ್ಲಿ ಒಂದು ಸಮಾಜದ ಹೆಸರಿದೆ. ಆ ಕಾಲದಲ್ಲಿ ಸಮಾಜಗಳು ತಮ್ಮ ತಮ್ಮ ಮಕ್ಕಳಿಗಾಗಿ ಹಣ ಕೂಡಿಸುವುದೇ ರೂಢಿಯಾಗಿತ್ತು. ಕೊಲ್ಹಾಪುರದ ವಸತಿಗೃಹಗಳೂ ಹಾಗೆಯೇ. ಇಂದು ಶಾಲೆ ಕಟ್ಟುವವರು ಒಂದು ಭಾಷೆಯ ಎಲ್ಲ ಜಾತಿಯ ಮಕ್ಕಳನ್ನೂ, ಹೆಣ್ಣುಮಕ್ಕಳನ್ನು ಮೊದಲುಮಾಡಿ, ಕಣ್ಣ ಮುಂದಿಟ್ಟುಕೊಂಡು ಕಟ್ಟಬೇಕು. ಹಿಂದಿನವರಿಂದ ಕಲಿಯಬೇಕಾದುದು ಅವರ ದುಡಿಮೆ; ಅವರ ಕಾಲದ ಎಲ್ಲೆಗಳನ್ನಲ್ಲ.

ಕೈಲಾಗುವುದೇನೆಂದು ನಮ್ಮ ಸಹೋದ್ಯೋಗಿಗಳು ಕೇಳಿದರೆ ನಾವು ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇವೆ. ಒಂದನೆಯದು, ಪ್ರತಿ ಕನ್ನಡ ಪ್ರಾಥಮಿಕ ಶಾಲೆಯಲ್ಲಿ, ಕೊನೆಯ ತರಗತಿ ಮುಗಿಸಿದ ಮಗು ಮುಂದೆ ಯಾವ ಶಾಲೆಗೆ ಹೋಯಿತು, ಯಾವ ಮಾಧ್ಯಮದಲ್ಲಿ ಸೇರಿತು, ಎಲ್ಲಿ ಬಿಟ್ಟಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಹೈಸ್ಕೂಲು ಬೇಕೆಂದು ಅರ್ಜಿ ಕೊಡುವಾಗ ಭಾಷಣಕ್ಕಿಂತ ಈ ವಹಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡನೆಯದು, ಸಂವಿಧಾನದ 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆಯೆಂಬುದನ್ನು ಪಾಲಕರಿಗೆ ತಿಳಿಸಬೇಕು. 1883ರವರಿಗೆ ಇಂಥ ಹಕ್ಕೇನೂ ಬರಹದಲ್ಲಿ ಇರಲಿಲ್ಲ. ಆದರೂ ಅವರು ಕೈಕಟ್ಟಿ ಕೂಡಲಿಲ್ಲ. ಮೂರನೆಯದು, ಮೇಲಿನ ತರಗತಿಯ ವಿದ್ಯಾರ್ಥಿಗಳಿಂದ ತಮ್ಮ ತಮ್ಮ ಶಾಲೆಯ ಚರಿತ್ರೆಯನ್ನು ಬರೆಯಿಸಬೇಕು. ಶಾಲೆ ಯಾವ ವರ್ಷ ತೆರೆಯಿತು, ಜಾಗ ಯಾರು ಕೊಟ್ಟರು, ಮೊದಲ ದಾಖಲೆ ಪುಸ್ತಕದಲ್ಲಿ ಎಷ್ಟು ಹೆಸರುಗಳಿವೆ, ಅದರಲ್ಲಿ ಹೆಣ್ಣುಮಕ್ಕಳೆಷ್ಟು ಎಂಬುದನ್ನು ಊರ ಹಿರಿಯರನ್ನು ಕೇಳಿ, ದಪ್ತರ ನೋಡಿ ಬರೆಯಲಿ. ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲು ತಿನ್ನುತ್ತಿದೆ; ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸ ಈ ವರ್ಷವೇ ಆಗಬೇಕು.

ಅಂಥ ಬರಹಗಳು ಬಂದರೆ ಈ ಪುಟಗಳಲ್ಲಿ ಅವುಗಳಿಗೆ ಸ್ಥಳ ಸಿಗುವುದೆಂದು ನಂಬಿದ್ದೇವೆ. ಬೆಳಗಾವಿಯ ಶಾಲೆಯ ಕಥೆಯನ್ನು ನಾವು ಹೇಳಿದೆವು. ತಮ್ಮ ತಮ್ಮ ಶಾಲೆಯ ಕಥೆಯನ್ನು ಮಕ್ಕಳು ಹೇಳಲಿ.